ಬಂಕಾಪುರದ ಕಾವ್ಯಗಳಲ್ಲಿ ಮದುವೆ

ಬಂಕಾಪುರ ಎಂದರೆ ಹೊರಗಿನವರಿಗೆ ಕೋಟೆಯ ನವಿಲುಗಳು ನೆನಪಾಗುತ್ತವೆ, ಇತಿಹಾಸ ಬಲ್ಲವರಿಗೆ ಅರವತ್ತು ಕಂಬದ ನಗರೇಶ್ವರ ಗುಡಿ. ನಮ್ಮೂರಿಗೆ ಕಾವ್ಯಲೋಕದಲ್ಲಿಯೂ ಒಂದು ಸ್ಥಾನವಿದೆ. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೇಯನಿಂದ ಈ ಊರಿಗೆ ಹೆಸರು ಬಂತು. ಅವನ ಮಗ ಲೋಕಾದಿತ್ಯ ಇಲ್ಲಿಂದ ಬನವಾಸಿ ನಾಡನ್ನು ಆಳುತ್ತಿದ್ದಾಗ, ಶಕವರ್ಷ 820ರಲ್ಲಿ, ಅಂದರೆ ಕ್ರಿ.ಶ. 898ರ ಸುಮಾರಿಗೆ, ಗುಣಭದ್ರಾಚಾರ್ಯರ ಸಂಸ್ಕೃತ ‘ಉತ್ತರಪುರಾಣ’ಕ್ಕೆ ಇಲ್ಲಿ ಪೂಜೆ ನಡೆಯಿತು.

ಗುರು ಜಿನಸೇನರು ಪೂರ್ತಿ ಮಾಡದೆ ಹೋದ ‘ಆದಿಪುರಾಣ’ದ ಕೊನೆಯ ಪರ್ವಗಳನ್ನು ಬರೆದು ಮುಗಿಸಿದವರೂ ಗುಣಭದ್ರರೇ. ಆ ಭಾಗದಲ್ಲಿ ಸುಲೋಚನೆಯ ಸ್ವಯಂವರದ ಕಥೆ ಬರುತ್ತದೆ. ಕಾಶಿಯ ಅರಸ ಅಕಂಪನನ ಮಗಳು ಸುಲೋಚನೆ, ನೆರೆದ ರಾಜಕುಮಾರರನ್ನೆಲ್ಲ ದಾಟಿ ಹೋಗಿ ಜಯಕುಮಾರನಿಗೆ ಮಾಲೆ ಹಾಕುತ್ತಾಳೆ. ಅವನು ಚಕ್ರವರ್ತಿ ಭರತನ ಸೇನಾಪತಿ. ಚಕ್ರವರ್ತಿಯ ಮಗ ಅರ್ಕಕೀರ್ತಿ ಅಲ್ಲಿಯೇ ಇದ್ದ. ತನ್ನನ್ನು ಬಿಟ್ಟು ಸೇವಕನನ್ನು ಆರಿಸಿದಳೆಂದು ಅವನು ಯುದ್ಧಕ್ಕೆ ನಿಂತು ಸೋಲುತ್ತಾನೆ. ಸುದ್ದಿ ತಿಳಿದ ಭರತ ಮಗನ ಪಕ್ಷ ವಹಿಸುವುದಿಲ್ಲ, ತಪ್ಪು ಮಗನದೇ ಎನ್ನುತ್ತಾನೆ. ಸಾವಿರದ ನೂರು ವರ್ಷಗಳ ಹಿಂದಿನ ಈ ತೀರ್ಪನ್ನು ಮೆಚ್ಚಲೇಬೇಕು. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಸಂಧಿಗಾಗಿ ಅಕಂಪನ ತನ್ನ ಇನ್ನೊಬ್ಬ ಮಗಳನ್ನು ಅರ್ಕಕೀರ್ತಿಗೆ ಕೊಡುತ್ತಾನೆ. ಒಂದೇ ಮನೆಯ ಒಬ್ಬ ಮಗಳ ಕೈಯಲ್ಲಿ ಮಾಲೆಯಿತ್ತು, ಇನ್ನೊಬ್ಬಳ ಕೈಯಲ್ಲಿ ಇರಲಿಲ್ಲ.

ಆರು ಶತಮಾನಗಳು ಕಳೆದ ಮೇಲೆ ಪಕ್ಕದ ಬಾಡದಲ್ಲಿ ಹುಟ್ಟಿದ ಕನಕದಾಸರು ಮತ್ತೆ ಮದುವೆಯ ಕಥೆಗಳನ್ನೇ ಎತ್ತಿಕೊಂಡರು. ‘ಮೋಹನತರಂಗಿಣಿ’ಯಲ್ಲಿ ಬಾಣಾಸುರನ ಮಗಳು ಉಷೆ ಕನಸಿನಲ್ಲಿ ಕಂಡವನನ್ನು ಪ್ರೀತಿಸುತ್ತಾಳೆ. ಅವನು ಯಾರೆಂದು ತಿಳಿಯಲು ಗೆಳತಿ ಚಿತ್ರಲೇಖೆ ರಾಜಕುಮಾರರ ಚಿತ್ರಗಳನ್ನು ಬರೆದು ತೋರಿಸುತ್ತಾಳೆ. ಇಂದಿನ ಮ್ಯಾಟ್ರಿಮೋನಿ ಆ್ಯಪ್ ಮಾಡುವುದೂ ಇದೇ ಕೆಲಸ. ಆದರೆ ಆ್ಯಪ್ ಮೊದಲು ಜಾತಿ ಕೇಳುತ್ತದೆ. ಚಿತ್ರಲೇಖೆ ಕೇಳಿದ್ದರೆ ಅಸುರನ ಮಗಳಿಗೂ ಕೃಷ್ಣನ ಮೊಮ್ಮಗನಿಗೂ ಹೊಂದಾಣಿಕೆ ಆಗುತ್ತಲೇ ಇರಲಿಲ್ಲ!

‘ನಳಚರಿತ್ರೆ’ಯ ಸ್ವಯಂವರ ಎಲ್ಲರಿಗೂ ಗೊತ್ತು. ನನ್ನ ಗಮನ ಸೆಳೆದದ್ದು ಎರಡನೆಯದು. ಕಾಡಿನಲ್ಲಿ ಬಿಟ್ಟುಹೋದ ಗಂಡನನ್ನು ಹೊರಗೆಳೆಯಲು ದಮಯಂತಿ ತನಗೆ ಮತ್ತೆ ಸ್ವಯಂವರವೆಂದು ಸುದ್ದಿ ಕಳಿಸುತ್ತಾಳೆ. ಅದು ಬರೀ ಉಪಾಯ. ಆದರೂ ಋತುಪರ್ಣ ರಾಜ ಅದನ್ನು ನಂಬಿ, ಬಾಹುಕನ ವೇಷದಲ್ಲಿದ್ದ ನಳನನ್ನೇ ಸಾರಥಿ ಮಾಡಿಕೊಂಡು ಹೊರಟೇಬಿಡುತ್ತಾನೆ. ಎರಡು ಮಕ್ಕಳ ತಾಯಿಗೆ ಮತ್ತೊಂದು ಮದುವೆಯೇ ಎಂದು ಅವನು ಹಿಂಜರಿಯಲಿಲ್ಲ. ನಮ್ಮ ಕಡೆ ಹಲವು ಸಮುದಾಯಗಳಲ್ಲಿ ಉಡಿಕೆ, ಕೂಡಿಕೆ ಎಂಬ ಮರುಮದುವೆಯ ಪದ್ಧತಿ ಇತ್ತು. ಸೀರೆ ಉಡಿಸಿದರೆ ಮುಗಿಯಿತು, ಬಾಸಿಂಗವಿಲ್ಲ, ಮೆರವಣಿಗೆಯಿಲ್ಲ. ಮೊದಲ ಮದುವೆಯ ಮರ್ಯಾದೆ ಅದಕ್ಕಿರಲಿಲ್ಲ ನಿಜ, ಆದರೆ ಗಂಡ ಸತ್ತವಳ, ಗಂಡ ಬಿಟ್ಟವಳ ಬಾಳು ಅಲ್ಲಿಗೇ ನಿಲ್ಲುತ್ತಿರಲಿಲ್ಲ. ದೊಡ್ಡ ಕುಲ ಎನಿಸಿಕೊಳ್ಳುವ ಆಸೆಗೆ ಕೆಲವರು ಇದನ್ನು ಕೈಬಿಟ್ಟದ್ದು ನಷ್ಟವೆಂದೇ ನನ್ನ ಭಾವನೆ. ಗಂಡಿನವರು ತೆರ ಕೊಟ್ಟು ಹೆಣ್ಣು ತರುವ ಕಾಲ ಹೋಗಿ ವರದಕ್ಷಿಣೆ ಬಂದದ್ದೂ ಹೀಗೆಯೇ. 1961ರಲ್ಲಿ ಅದರ ವಿರುದ್ಧ ಕಾನೂನು ಬಂತು, ಪದ್ಧತಿ ಹೋಗಲಿಲ್ಲ.

ಇವೆಲ್ಲ ಅರಮನೆಯ ಮದುವೆಗಳು. ಚೀನಾದ ಅತಿ ಹಳೆಯ ಕವಿತಾ ಸಂಗ್ರಹ ‘ಷಿಜಿಂಗ್’ನ 305 ಹಾಡುಗಳಲ್ಲಿ ಸಾಮಾನ್ಯ ಹೆಂಗಸಿನ ದನಿಯೂ ಇದೆ. ಒಂದು ಹಾಡಿನಲ್ಲಿ ಬಟ್ಟೆ ಕೊಟ್ಟು ರೇಷ್ಮೆ ಕೊಳ್ಳುವ ನೆಪದಲ್ಲಿ ಬಂದವನಿಗೆ ಹುಡುಗಿ, ತಕ್ಕ ಮಧ್ಯಸ್ಥರಿಲ್ಲದೆ ಮದುವೆಯಿಲ್ಲ, ಸುಗ್ಗಿಯ ಕಾಲದವರೆಗೆ ತಡೆ ಎನ್ನುತ್ತಾಳೆ. ಮದುವೆಯಾಗಿ ವರ್ಷಗಟ್ಟಲೆ ದುಡಿದ ಮೇಲೆ ಗಂಡನಿಂದ ನೊಂದು, ತವರಿನ ಅಣ್ಣತಮ್ಮಂದಿರಿಂದಲೂ ನಗೆಗೀಡಾಗಿ, ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತಾಳೆ.

ನಮ್ಮಲ್ಲಿ ಆ ದನಿ ಕೇಳಬೇಕಾದರೆ ಪುರಾಣ ಮುಚ್ಚಿಟ್ಟು ಬೀಸುಕಲ್ಲಿನ ಹತ್ತಿರ ಹೋಗಬೇಕು. ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಎಂದು ಸಂಗ್ರಹಿಸಿದ ತ್ರಿಪದಿಗಳಲ್ಲಿ ತವರನ್ನು ಬಿಟ್ಟು ಬಂದವಳ ಸಂಕಟವಿದೆ, ಅಣ್ಣನ ದಾರಿ ಕಾಯುವ ಕಣ್ಣುಗಳಿವೆ. ಆಗ ಹೆಣ್ಣುಮಕ್ಕಳ ಮದುವೆ ಎಳೆತನದಲ್ಲೇ ಆಗುತ್ತಿತ್ತು. 1929ರ ಶಾರದಾ ಕಾಯ್ದೆ ಹುಡುಗಿಯ ವಯಸ್ಸನ್ನು 14 ಎಂದಿತು. ಅದು 18 ಆದದ್ದು 1978ರಲ್ಲಿ. ಆದರೂ ನಮ್ಮ ಜೊತೆ ಹತ್ತನೇ ತರಗತಿಯಲ್ಲಿ ಕುಳಿತಿದ್ದ ಕೆಲವು ಹುಡುಗಿಯರು ಕಾಲೇಜು ಕಾಣುವ ಮೊದಲೇ ಹಸೆಮಣೆ ಏರಿದರು. ಅವರಲ್ಲಿ ಲೆಕ್ಕದಲ್ಲಿ ನನಗಿಂತ ಜಾಣೆಯರಿದ್ದರು. ನಾನು ಬಿ.ಇ. ಓದಿದೆ, ಅವರನ್ನು ಯಾರೂ ಕೇಳಲಿಲ್ಲ.

ಸೋಬಾನೆ ಪದ, ಬೀಗರ ಹಾಡು ಬಲ್ಲ ಅಜ್ಜಿಯರು ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಈಗ ಶಾಲೆಯಲ್ಲಿ ಓದುತ್ತಿರುವ ಮಕ್ಕಳು ಮನೆಯ ಫೋನಿನಲ್ಲಿ ಆ ಹಾಡುಗಳನ್ನು ದಾಖಲಿಸಿಕೊಳ್ಳಬೇಕು. ಹಾಡು ಮುಗಿದ ಮೇಲೆ, ಎಷ್ಟನೇ ವಯಸ್ಸಿಗೆ ಮದುವೆಯಾಯಿತು, ನಿನ್ನನ್ನು ಯಾರಾದರೂ ಕೇಳಿದ್ದರೇ ಎಂದು ಅಜ್ಜಿಯನ್ನು ವಿಚಾರಿಸಿ ಅದನ್ನೂ ಬರೆದಿಟ್ಟುಕೊಳ್ಳಬೇಕು.