ಲ್ಯಾಕ್ಟೇಟ್

ಐಸಿಯು ಬಾಗಿಲಲ್ಲಿ ಕಾಯುವವರ ಕಿವಿಗೆ ಬೀಳುವ ಮಾತಿದು: ‘ಲ್ಯಾಕ್ಟೇಟ್ ಏರಿದೆ’, ‘ಲ್ಯಾಕ್ಟೇಟ್ ಇಳಿಯುತ್ತಿದೆ’. ಲ್ಯಾಟಿನ್ ಭಾಷೆಯಲ್ಲಿ ‘ಲ್ಯಾಕ್’ ಎಂದರೆ ಹಾಲು. 1780ರಲ್ಲಿ ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಷೀಲೆ ಹುಳಿತ ಹಾಲಿನಿಂದ ಒಂದು ಆಮ್ಲವನ್ನು ಬೇರ್ಪಡಿಸಿದರು. ಲ್ಯಾಕ್ಟಿಕ್ ಆಮ್ಲ ಎಂಬ ಹೆಸರಿಗೆ ಆ ಹಾಲೇ ಮೂಲ. ರಕ್ತದಲ್ಲಿ ಅದು ಇರುವ ರೂಪ ಲ್ಯಾಕ್ಟೇಟ್.

ಪದ ಹಾಲಿನಿಂದ ರಕ್ತಕ್ಕೆ ಬಂದ ಕಥೆ ನೋವಿನದು. 1843ರಲ್ಲಿ ಜರ್ಮನಿಯ ಯೋಹಾನ್ ಯೋಸೆಫ್ ಶೆರರ್, ಹೆರಿಗೆಯ ನಂತರದ ನಂಜಿನಿಂದ ತೀರಿಕೊಂಡ ಬಾಣಂತಿಯರ ರಕ್ತದಲ್ಲಿ ಈ ಆಮ್ಲವನ್ನು ಕಂಡರು. ಇಂದು ಸೆಪ್ಸಿಸ್ (ನಂಜು) ರೋಗಿಗಳ ಜೀವ ಉಳಿಸಲು ನೆರವಾಗುವ ಪರೀಕ್ಷೆಯ ಹಿಂದೆ ಆ ಹೆಸರಿಲ್ಲದ ತಾಯಂದಿರಿದ್ದಾರೆ.

ನಂಜು ಏರಿ ರಕ್ತಸಂಚಾರ ಕುಗ್ಗಿದಾಗ ಜೀವಕೋಶಗಳಿಗೆ ಆಮ್ಲಜನಕ ಸಾಲದೆ ಲ್ಯಾಕ್ಟೇಟ್ ಹೆಚ್ಚುತ್ತದೆ. ಅಡ್ರಿನಲಿನ್ ಅದನ್ನು ಇನ್ನಷ್ಟು ಏರಿಸುತ್ತದೆ. ಯಕೃತ್ತು ಸೋತರೆ ಅದು ಬೇಗ ತೆರವಾಗುವುದಿಲ್ಲ. 2016ರ ವ್ಯಾಖ್ಯೆಯಂತೆ, ಸಾಕಷ್ಟು ದ್ರವ ಕೊಟ್ಟ ಮೇಲೂ ಬಿ.ಪಿ. ಕಾಯಲು ಔಷಧಿ ಬೇಕಾಗಿ, ಲ್ಯಾಕ್ಟೇಟ್ ಲೀಟರಿಗೆ 2 ಮಿಲಿಮೋಲ್ ಮೀರಿದ್ದರೆ ಅದು ಸೆಪ್ಟಿಕ್ ಶಾಕ್. ಅಂಥ ವಯಸ್ಕರಲ್ಲಿ ಆಸ್ಪತ್ರೆಯಲ್ಲೇ ಸಾಯುವವರು ನೂರಕ್ಕೆ 40ಕ್ಕಿಂತ ಹೆಚ್ಚು. ಆದರೂ ಒಂದು ಅಂಕಿಗಿಂತ ಅದರ ನಡೆ ಮುಖ್ಯ: ಗಂಟೆಗಳು ಕಳೆದಂತೆ ಇಳಿದರೆ ಭರವಸೆ, ಇಳಿಯದಿದ್ದರೆ ಆತಂಕ.

ಡ್ರಿಪ್ ಬಾಟಲಿಯ ಮೇಲಿನ ‘ರಿಂಗರ್ ಲ್ಯಾಕ್ಟೇಟ್’ ನೋಡಿ ಮನೆಯವರು ಗಾಬರಿಯಾಗಬೇಕಿಲ್ಲ. ಅದು ಸೆಪ್ಸಿಸ್‌ನಲ್ಲೂ ಕೊಡುವ ಚಿಕಿತ್ಸೆಯ ದ್ರವ; ಅದರಲ್ಲಿನ ಲ್ಯಾಕ್ಟೇಟನ್ನು ದೇಹ ಇಂಧನವಾಗಿ ಬಳಸಿಕೊಳ್ಳುತ್ತದೆ.