ಬಾಗಿದ ಬೇರಿಗೆ ನೇರ ಕೊಳವೆ

ಕೂದಲು ನೇರವಾಗಿದ್ದರೇನು, ಗುಂಗುರಾಗಿದ್ದರೇನು, ಕಸಿ ಮಾಡುವ ವೈದ್ಯರಿಗೆ ಎರಡೂ ಒಂದೇ ಅಲ್ಲವೇ ಎಂದು ನೀವು ಕೇಳಬಹುದು. ಒಂದೇ ಅಲ್ಲ ಎಂಬುದನ್ನು ಕೂದಲ ಕಸಿಯ ಚರಿತ್ರೆಯೇ ತೋರಿಸುತ್ತದೆ.

ಈ ಚರಿತ್ರೆ ಜಪಾನಿನಿಂದ ಆರಂಭವಾಗುತ್ತದೆ. ಸುಟ್ಟ ಗಾಯಗಳಿಂದ ಕೂದಲು ಕಳೆದುಕೊಂಡವರಿಗೆ, ಕೂದಲಿರುವ ಚರ್ಮದ ಪುಟ್ಟ ದುಂಡು ತುಣುಕುಗಳನ್ನು ನೆಟ್ಟ ಬಗೆಯನ್ನು ಶೋಜಿ ಒಕುಡಾ ಎಂಬ ವೈದ್ಯರು 1939ರಲ್ಲಿ ಪ್ರಕಟಿಸಿದರು. ಯುದ್ಧದ ಕಾಲ, ಲೇಖನ ಜಪಾನಿ ಭಾಷೆಯಲ್ಲಿತ್ತು. ಪಶ್ಚಿಮದ ದೇಶಗಳಿಗೆ ಅದು ಬಹುಕಾಲ ತಿಳಿಯಲೇ ಇಲ್ಲ. ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಚ್ 1952ರಲ್ಲಿ ಬೋಳುತಲೆಗೆ ಇಂಥದೇ ಕಸಿ ಮಾಡಿ, 1959ರಲ್ಲಿ ಅದರ ತತ್ತ್ವವನ್ನು ವಿವರಿಸಿದರು. ತಲೆಯ ಹಿಂಭಾಗದ ಕೂದಲನ್ನು ಮುಂದಕ್ಕೆ ತಂದು ನೆಟ್ಟರೂ ಅದು ತನ್ನ ಮೂಲಗುಣವನ್ನು ಬಿಡದು, ಉದುರದೆ ಬೆಳೆಯುತ್ತದೆ ಎಂಬುದೇ ಆ ತತ್ತ್ವ. ಆದರೆ ಅಂದಿನ ತುಣುಕುಗಳು ಸುಮಾರು 4 ಮಿಲಿಮೀಟರ್ ಅಗಲದವು. ನೆಟ್ಟ ಕೂದಲು ಗೊಂಬೆಯ ತಲೆಯ ಗೊಂಚಲುಗಳಂತೆ ಕಾಣುತ್ತಿತ್ತು.

ಕೂದಲು ಸಹಜವಾಗಿ ಒಂದರಿಂದ ನಾಲ್ಕರ ಪುಟ್ಟ ಗುಂಪುಗಳಲ್ಲಿ ಬೆಳೆಯುತ್ತದೆ. ಈ ಗುಂಪುಗಳನ್ನೇ ಬಿಡಿಬಿಡಿಯಾಗಿ ನೆಡುವ ಕ್ರಮ 1990ರ ದಶಕದಲ್ಲಿ ರೂಢಿಗೆ ಬಂತು. ಹಿಂದಲೆಯಿಂದ ಚರ್ಮದ ಪಟ್ಟಿಯೊಂದನ್ನು ಕತ್ತರಿಸಿ, ಸೂಕ್ಷ್ಮದರ್ಶಕದಡಿ ಗುಂಪುಗಳನ್ನು ಬೇರ್ಪಡಿಸುತ್ತಿದ್ದರು. ಇದರಿಂದ ಹಿಂದಲೆಯಲ್ಲಿ ಉದ್ದನೆಯ ಕಲೆ ಉಳಿಯುತ್ತಿತ್ತು. 2002ರಲ್ಲಿ ಅಮೆರಿಕದ ರಾಸ್‌ಮನ್, ಬರ್ನ್‌ಸ್ಟೀನ್ ಮತ್ತು ಸಂಗಡಿಗರು, ಸುಮಾರು 1 ಮಿಲಿಮೀಟರಿನ ಕೊಳವೆಯಾಕಾರದ ಅಲಗಿನಿಂದ ಒಂದೊಂದೇ ಗುಂಪನ್ನು ನೇರವಾಗಿ ಹೊರತೆಗೆಯುವ ವಿಧಾನವನ್ನು ಪ್ರಕಟಿಸಿದರು. ಈ ಅಲಗಿಗೆ ಪಂಚ್ ಎಂದು ಹೆಸರು.

ತೊಡಕು ಕಂಡದ್ದು ಇಲ್ಲಿಯೇ. ಆಫ್ರಿಕನ್ ಮೂಲದವರ ಕೂದಲನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಅದು ದುಂಡಗಿರದೆ ಚಪ್ಪಟೆ ಮೊಟ್ಟೆಯಾಕಾರದಲ್ಲಿರುತ್ತದೆ. ಕೂದಲು ಹುಟ್ಟುವ ಕೇಶಕೂಪವೂ ಚರ್ಮದೊಳಗೆ ಕುಡುಗೋಲಿನಂತೆ ಬಾಗಿರುತ್ತದೆ. ಮೇಲೆ ಕಾಣುವ ಕೂದಲಿನ ದಿಕ್ಕನ್ನು ನಂಬಿ ನೇರ ಪಂಚ್ ಇಳಿಸಿದರೆ, ಅದು ನಡುದಾರಿಯಲ್ಲೇ ಬುಡವನ್ನು ತುಂಡರಿಸಿಬಿಡುತ್ತದೆ. ಹಿಂದಲೆಯ ಕೂದಲು ಅಳತೆಯ ಬಂಡವಾಳ. ಹೀಗೆ ಹಾಳಾದ ಬುಡ ಅತ್ತ ಹಿಂದಲೆಗೂ ಇಲ್ಲ, ಇತ್ತ ಮುಂದಲೆಗೂ ಇಲ್ಲ.

ಇನ್ನೊಂದು ಭಯವೂ ಇತ್ತು. ಗಾಯದ ಎಲ್ಲೆ ಮೀರಿ ಉಬ್ಬಿ ಬೆಳೆಯುವ ಕಲೆಗೆ ಕೀಲಾಯ್ಡ್ ಎನ್ನುತ್ತಾರೆ. ಇದು ಆಫ್ರಿಕನ್ ಮೂಲದವರಲ್ಲಿ ಹೆಚ್ಚು. ಹೀಗಾಗಿ ಉದ್ದ ಗಾಯದ ಹಳೆಯ ವಿಧಾನ ಅವರಿಗೆ ಅಪಾಯಕರ, ಸಣ್ಣ ಗಾಯದ ಹೊಸ ವಿಧಾನ ಕಷ್ಟಕರ ಎಂಬಂತಾಯಿತು.

ಪರಿಹಾರ ಉಪಕರಣದಲ್ಲಿತ್ತು. ಕ್ಯಾಲಿಫೋರ್ನಿಯಾದ ವೈದ್ಯ ಸನೂಸಿ ಉಮರ್ ಗುಂಗುರು ಕೂದಲಿಗೆಂದೇ ರೂಪಿಸಿದ ಬಾಗಿದ ಪಂಚನ್ನು ಕುರಿತು 2016ರಲ್ಲಿ ಅಧ್ಯಯನ ಪ್ರಕಟಿಸಿದರು. ಮೊದಲು ಸ್ವಲ್ಪ ಜಾಗದಲ್ಲಿ ಪರೀಕ್ಷಿಸಿ, ಬುಡಗಳು ಇಡಿಯಾಗಿ ಬರುತ್ತವೆಯೇ, ಗಾಯ ಹೇಗೆ ಮಾಯುತ್ತದೆ ಎಂದು ನೋಡುವ ಎಚ್ಚರಿಕೆಯೂ ಇದೆ. ಗುಂಗುರು ಕೂದಲಿನ ಅನುಕೂಲವೂ ಉಂಟು: ಸುರುಳಿಯಾಗುವುದರಿಂದ ಒಂದೊಂದು ಕೂದಲೂ ಹೆಚ್ಚು ಜಾಗ ಮುಚ್ಚುತ್ತದೆ.

ಆದರೆ ಎಲ್ಲ ಬೋಳಿಗೂ ಕಸಿಯೇ ಮದ್ದಲ್ಲ. ಬಿಗಿಯಾದ ಜಡೆಯ ಎಳೆತದಿಂದ ಕೂದಲು ಉದುರುತ್ತಿದ್ದರೆ ಮೊದಲು ಆ ಎಳೆತ ನಿಲ್ಲಬೇಕು. ಕಪ್ಪು ಜನಾಂಗದ ಮಹಿಳೆಯರ ನಡುನೆತ್ತಿಯಲ್ಲಿ ಕಲೆಗಟ್ಟಿ ಕೂದಲು ಹೋಗುವ ರೋಗಕ್ಕೆ 1968ರಲ್ಲಿ ವೈದ್ಯರು ಕಾಯಿಸಿದ ಬಾಚಣಿಗೆಯೇ ಕಾರಣವೆಂದಿದ್ದರು. 2019ರಲ್ಲಿ ಇಂಥ ಕೆಲವು ರೋಗಿಗಳಲ್ಲಿ ಪಿಎಡಿಐ3 ಎಂಬ ಜೀನಿನ ವ್ಯತ್ಯಾಸಗಳು ಕಂಡುಬಂದವು; ದೋಷವೆಲ್ಲ ಬಾಚಣಿಗೆಯದಲ್ಲ ಎಂದಾಯಿತು. ಆ ರೋಗ ಶಮನವಾಗದೆ ಮಾಡಿದ ಕಸಿ ಹಿಡಿಯುವುದು ಕಷ್ಟ.

ಕಸಿ ಫಲಿಸದಾಗ ಇದು ಕಷ್ಟದ ಕೂದಲು ಎನ್ನುವುದು ಸುಲಭ. ಕೂದಲು ತನ್ನ ಸ್ವಭಾವದಂತೆಯೇ ಇತ್ತು, ನೇರವಾಗಿದ್ದದ್ದು ಕೊಳವೆ. ಪ್ರಯೋಗಶಾಲೆಯಲ್ಲಿ ಯಾವುದೇ ಉಪಕರಣ ಕೈಗೆತ್ತಿಕೊಂಡಾಗಲೂ ಅದನ್ನು ಯಾರ ಅಳತೆಗೆ ಮಾಡಿದ್ದಾರೆ ಎಂದು ಕೇಳಿ ನೋಡಿ.