ಕೋಲಾರದ ಮಧ್ಯಾಹ್ನ ಎಷ್ಟು ಗಂಟೆಗೆ? ರೈಲು, ಗಡಿಯಾರ ಮತ್ತು ನಮ್ಮ ನಾಲ್ಕು ಊರುಗಳ ಕಥೆ

(ಪ್ಲಾಟ್‌ಫಾರಂ ಸದ್ದು, ರೈಲಿನ ಹಾರ್ನ್)

ಈಗ ಕೇಳಿಸಿಕೊಂಡಿರಲ್ಲ, ಅದು ಬಂಗಾರಪೇಟೆ ಸ್ಟೇಷನ್. ಬೆಳಗಿನ ಜಾವ ಫೋನಲ್ಲೇ ರೆಕಾರ್ಡ್ ಮಾಡಿಕೊಂಡೆ. ಪ್ಲಾಟ್‌ಫಾರಂ ತುಂಬ ಜನ. ಟಿಫನ್ ಡಬ್ಬಿ ಹಿಡಿದವರು, ಸ್ವೆಟರ್ ಹಾಕಿದವರು, ಕಾಲೇಜಿನ ಬ್ಯಾಗ್ ನೇತುಹಾಕಿಕೊಂಡವರು. ಎಲ್ಲರ ಕಣ್ಣೂ ಫೋನಿನ ಮೇಲೆ. ನೋಡ್ತಿರೋದು ರೀಲ್ಸ್ ಅಲ್ಲ, 'ವೇರ್ ಈಸ್ ಮೈ ಟ್ರೈನ್' ಆಪ್. ನನ್ನ ಫೋನಲ್ಲಿ "12 ನಿಮಿಷ ತಡ" ಅಂತ ತೋರಿಸ್ತಿತ್ತು.

ಆಗ ತಲೆಗೊಂದು ಹುಳ ಹೊಕ್ಕಿತು. ತಡ ಅಂದ್ರೆ ಯಾವ ಗಡಿಯಾರಕ್ಕೆ ತಡ? ಆ ಗಡಿಯಾರವನ್ನ ಯಾರು ಇಟ್ಟಿದ್ದು? ಇವತ್ತಿನ ಎಪಿಸೋಡ್ ಅದರದ್ದೇ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ಊರುಗಳಿಗೆ ರೈಲು ಹೇಗೆ ಬಂತು, ಹೇಗೆ ಬರಲಿಲ್ಲ, ಮತ್ತೆ ರೈಲಿನ ವೇಳಾಪಟ್ಟಿ ಯಾರ ಅನುಕೂಲಕ್ಕೆ ತಯಾರಾಗುತ್ತೆ ಅಂತ ನೋಡೋಣ.

ಮೊದಲು ಸೂರ್ಯನ ಲೆಕ್ಕ ಮುಗಿಸಿಬಿಡೋಣ. ಭೂಮಿ ಒಂದು ಡಿಗ್ರಿ ತಿರುಗೋಕೆ 4 ನಿಮಿಷ ಬೇಕು. ಅದಕ್ಕೇ ಪೂರ್ವದ ಊರಿಗೆ ಮಧ್ಯಾಹ್ನ ಮೊದಲು, ಪಶ್ಚಿಮದ ಊರಿಗೆ ಆಮೇಲೆ. ಕೋಲಾರ ಇರೋದು ಸುಮಾರು 78.1 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಚೆನ್ನೈ 80.2ರಲ್ಲಿ. ಹಾಗಾಗಿ ಚೆನ್ನೈನಲ್ಲಿ ಸೂರ್ಯ ನೆತ್ತಿಗೆ ಬಂದು ಸುಮಾರು 9 ನಿಮಿಷ ಆದಮೇಲೆ ಕೋಲಾರದಲ್ಲಿ ನೆತ್ತಿಗೆ ಬರ್ತಾನೆ. ರೈಲು ಬರೋಕೆ ಮುಂಚೆ ಈ 9 ನಿಮಿಷದಿಂದ ಯಾರಿಗೂ ಏನೂ ತೊಂದರೆ ಇರಲಿಲ್ಲ. ಎತ್ತಿನ ಗಾಡಿಯಲ್ಲಿ ಮದ್ರಾಸಿಗೆ ಹೊರಟವನು ದಿನಗಳನ್ನ ಎಣಿಸ್ತಿದ್ದ, ನಿಮಿಷಗಳನ್ನಲ್ಲ.

ಆ ಗಾಡಿಗಳು ಹೋಗ್ತಿದ್ದ ದಾರಿ ಯಾವುದು? ಬೆಂಗಳೂರು, ಹೊಸಕೋಟೆ, ಕೋಲಾರ, ಮುಳಬಾಗಿಲು, ಅಲ್ಲಿಂದ ಘಟ್ಟ ಇಳಿದು ಮದ್ರಾಸು. ಬೆಂಗಳೂರಲ್ಲಿ ಇವತ್ತಿಗೂ ಆ ರಸ್ತೆಯ ಹೆಸರು ಓಲ್ಡ್ ಮದ್ರಾಸ್ ರೋಡ್. ಮುಳಬಾಗಿಲು ಅನ್ನೋ ಹೆಸರಿನ ಅರ್ಥವೇ ಮೂಡಲ ಬಾಗಿಲು. ಮೈಸೂರು ಸೀಮೆಗೆ ಪೂರ್ವದ ಹೆಬ್ಬಾಗಿಲು ಅದು.

ಆದರೆ ರೈಲು ಆ ಬಾಗಿಲಿನಿಂದ ಒಳಗೆ ಬರಲಿಲ್ಲ.

ಮದ್ರಾಸ್ ರೈಲ್ವೆ ಕಂಪನಿ 1856ರಲ್ಲಿ ರಾಯಪುರಂನಿಂದ ಮೊದಲ ರೈಲು ಓಡಿಸಿತು. ಅವರ ಗುರಿ ಪಶ್ಚಿಮ ಕರಾವಳಿಯ ಬೇಪೂರು. ಆ ಮೇನ್ ಲೈನ್ ಜೋಲಾರ್‌ಪೇಟೆ ಮೇಲೆ ಹಾದುಹೋಯಿತು. ಆಮೇಲೆ ಬೆಂಗಳೂರಿಗೆ ಕವಲು ಹಾಕೋವಾಗ ಜೋಲಾರ್‌ಪೇಟೆಯಿಂದಲೇ ಹೊರಟು ಕುಪ್ಪಂ, ಬಂಗಾರಪೇಟೆ, ಮಾಲೂರು ದಾಟಿ ದಂಡಿನ ಸ್ಟೇಷನ್‌ಗೆ, ಅಂದ್ರೆ ಇವತ್ತಿನ ಕಂಟೋನ್ಮೆಂಟ್‌ಗೆ, ಬಂದ್ರು. ಅದು ಶುರುವಾಗಿದ್ದು 1864ರ ಆಗಸ್ಟ್ 1ರಂದು.

ಒಂದೇ ಏಟಿಗೆ ನಕ್ಷೆ ಬದಲಾಯಿತು. ಮಾಲೂರು ಮೇನ್ ಲೈನ್ ಮೇಲಿನ ಊರಾಯಿತು. ಜಿಲ್ಲೆಯ ಮುಖ್ಯ ಊರು ಕೋಲಾರ ಹಳಿಯಿಂದ ಹೊರಗೆ ಉಳಿಯಿತು. ಮೂಡಲ ಬಾಗಿಲು ಇನ್ನೂ ದೂರ ಉಳಿಯಿತು. ಆಮೇಲೆ ಬಂಗಾರಪೇಟೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಹೆಸರು ಅಂಟಿಕೊಂಡು, ಅದು ಬೌರಿಂಗ್‌ಪೇಟೆ ಆಯಿತು.

ಹಳಿಯ ಜೊತೆಗೆ ಇನ್ನೊಂದು ವಸ್ತುವೂ ಬಂತು. ಮದ್ರಾಸ್ ಟೈಮ್.

ರೈಲಿಗೆ ಊರೂರಿನ ಸಮಯ ಆಗಿಬರಲ್ಲ. ಎರಡು ಸ್ಟೇಷನ್ ಮಾಸ್ತರರ ಗಡಿಯಾರ ಬೇರೆಬೇರೆ ಆದರೆ ಒಂದೇ ಹಳಿ ಮೇಲೆ ಎರಡು ರೈಲು ಮುಖಾಮುಖಿ ಆಗಬಹುದು. ಬ್ರಿಟಿಷ್ ಇಂಡಿಯಾದಲ್ಲಿ ಆಗ ಬೊಂಬಾಯಿಗೆ ಅದರದ್ದೇ ಸಮಯ, ಕಲ್ಕತ್ತೆಗೆ ಅದರದ್ದೇ ಸಮಯ, ಎರಡರ ನಡುವೆ ಒಂದು ಗಂಟೆಗೂ ಹೆಚ್ಚು ವ್ಯತ್ಯಾಸ. ಮದ್ರಾಸು ಇವೆರಡರ ಮಧ್ಯೆ ಇತ್ತು. ಅಲ್ಲಿ ಒಂದು ಖಗೋಳ ವೀಕ್ಷಣಾಲಯವೂ ಇತ್ತು. ಹಾಗಾಗಿ ದೇಶದ ರೈಲುಗಳೆಲ್ಲ ಮದ್ರಾಸ್ ಸಮಯಕ್ಕೆ ಓಡತೊಡಗಿದವು. ಮಾಲೂರಿನ ಸ್ಟೇಷನ್ ಗಡಿಯಾರ ಮದ್ರಾಸಿನ ಸೂರ್ಯನನ್ನು ತೋರಿಸ್ತಿತ್ತು, ಹೊರಗೆ ಬಂದರೆ ತಲೆಯ ಮೇಲೆ ಮಾಲೂರಿನ ಸೂರ್ಯ. ಸೂರ್ಯನನ್ನ ನೋಡಿಕೊಂಡು ಹೊರಟವನಿಗೆ ರೈಲು ತಪ್ಪಿತು ಅಂತಲೇ ಲೆಕ್ಕ.

1906ರ ಜನವರಿ 1ರಿಂದ ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್ ಬಂತು. 82.5 ಡಿಗ್ರಿ, ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದೆ. ಮದ್ರಾಸ್ ಟೈಮ್‌ಗಿಂತ ಇದು ಮತ್ತೆ ಸುಮಾರು 9 ನಿಮಿಷ ಮುಂದೆ. ಅಂದ್ರೆ ಇವತ್ತು ನಮ್ಮ ಫೋನಲ್ಲಿ 12 ಗಂಟೆ ಆದಾಗ ಕೋಲಾರದ ಸೂರ್ಯ ಇನ್ನೂ ನೆತ್ತಿಗೆ ಬಂದಿರಲ್ಲ. ವರ್ಷದ ಸರಾಸರಿ ತೆಗೆದರೆ ಕೋಲಾರದ ನಿಜವಾದ ಮಧ್ಯಾಹ್ನ ಆಗೋದು 12 ಗಂಟೆ 17 ನಿಮಿಷದ ಹೊತ್ತಿಗೆ. ಆಪ್ ಅದನ್ನ ಯಾವತ್ತೂ ಹೇಳಲ್ಲ.

ಇದು ನಮ್ಮೊಬ್ಬರ ಕಥೆ ಅಲ್ಲ. ರಷ್ಯಾದ ಟ್ರಾನ್ಸ್ ಸೈಬೀರಿಯನ್ ರೈಲು ಮಾಸ್ಕೋದಿಂದ ವ್ಲಾಡಿವಾಸ್ತಾಕ್‌ಗೆ 9,289 ಕಿ.ಮೀ. ಹೋಗುತ್ತೆ. ಎರಡು ತುದಿಗಳ ನಡುವೆ 7 ಗಂಟೆ ವ್ಯತ್ಯಾಸ. ಆದರೂ 2018ರ ಜುಲೈವರೆಗೆ ದಾರಿಯುದ್ದಕ್ಕೂ ಟಿಕೆಟ್ ಮೇಲೆ ಮಾಸ್ಕೋ ಸಮಯವೇ. ಹೊರಗೆ ಬೆಳಕು ಹರಿದಿದ್ದರೂ ಟಿಕೆಟ್ ಪ್ರಕಾರ ನಡುರಾತ್ರಿ! ಅಷ್ಟು ದೊಡ್ಡ ಖಂಡಕ್ಕೂ, ನಮ್ಮ ಸಣ್ಣ ಮಾಲೂರಿಗೂ ನಿಯಮ ಒಂದೇ. ಗಡಿಯಾರ ಇಡೋದು ತುದಿಯಲ್ಲಿರೋ ದೊಡ್ಡ ಊರು. ಅದಕ್ಕೆ ಹೊಂದಿಕೊಳ್ಳೋದು ಮಧ್ಯದ ಊರು.

(ಸಣ್ಣ ಸಂಗೀತ)

ಸರಿ, ಮತ್ತೆ ಬೌರಿಂಗ್‌ಪೇಟೆಗೆ ಬರೋಣ. 1880ರಿಂದ ಜಾನ್ ಟೇಲರ್ ಕಂಪನಿ ಚಿನ್ನದ ಗಣಿ ನಡೆಸ್ತಿತ್ತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂಗೆ ಕವಲು ಹಳಿ ಬಂತು. ಗಮನಿಸಿ, ಜಿಲ್ಲಾ ಕೇಂದ್ರ ಕೋಲಾರಕ್ಕಿಂತ ಮೊದಲು ಕೆಜಿಎಫ್‌ಗೆ ರೈಲು ಸಿಕ್ಕಿತು. ಚಿನ್ನ ಇದ್ದ ಕಡೆ ಹಳಿ ಬೇಗ ಹೋಗುತ್ತೆ.

ಕೋಲಾರಕ್ಕೆ ರೈಲು ಬಂದಿದ್ದು 1913ರಲ್ಲಿ, ಅದೂ ಪುಟಾಣಿ ರೈಲು. ಎರಡೂವರೆ ಅಡಿ ಅಗಲದ ನ್ಯಾರೋ ಗೇಜ್. ಕೆಲವೇ ವರ್ಷಗಳಲ್ಲಿ ಅದು ಶ್ರೀನಿವಾಸಪುರ, ಚಿಂತಾಮಣಿ ಮೇಲೆ ಚಿಕ್ಕಬಳ್ಳಾಪುರ ಮುಟ್ಟಿ, ಅಲ್ಲಿಂದ ಯಶವಂತಪುರದ ಲೈನ್‌ಗೆ ಸೇರಿತು. ನಮ್ಮ ತಾತ ಆ ರೈಲಿನ ಬಗ್ಗೆ ಹೇಳ್ತಿದ್ದಿದ್ದು ಒಂದೇ ಮಾತು: "ಮುಂದಿನ ಡಬ್ಬಿಯಿಂದ ಇಳಿದು, ಒಂದು ಬೀಡಿ ಸೇದಿ, ಹಿಂದಿನ ಡಬ್ಬಿ ಹತ್ತಬಹುದಿತ್ತು ಕಣಪ್ಪಾ." ತಾತ ಸ್ವಲ್ಪ ಉಪ್ಪು ಖಾರ ಹಚ್ಚೋರು, ಇರಲಿ.

ಮುಖ್ಯ ವಿಷಯ ಸ್ಪೀಡ್ ಅಲ್ಲ, ಕನೆಕ್ಷನ್. ಮೇನ್ ಲೈನ್ ಬ್ರಾಡ್ ಗೇಜ್, ಐದೂವರೆ ಅಡಿ. ಒಂದರ ಡಬ್ಬಿ ಇನ್ನೊಂದರ ಹಳಿ ಮೇಲೆ ಓಡಲ್ಲ. ಶ್ರೀನಿವಾಸಪುರದ ರೈತ ಮದ್ರಾಸಿಗೆ ಹೋಗಬೇಕಂದ್ರೆ ಬೌರಿಂಗ್‌ಪೇಟೆಯಲ್ಲಿ ಇಳಿಯಬೇಕು, ಮೂಟೆ ಹೊತ್ತು ಆ ಕಡೆಯ ಪ್ಲಾಟ್‌ಫಾರಂಗೆ ನಡೆಯಬೇಕು, ದೊಡ್ಡ ರೈಲಿಗೆ ಕಾಯಬೇಕು. ಪುಟ್ಟ ರೈಲಿನ ವೇಳೆಯನ್ನ ದೊಡ್ಡ ರೈಲಿಗೆ ಹೊಂದಿಸ್ತಾರೆಯೇ ಹೊರತು ದೊಡ್ಡದನ್ನ ಪುಟ್ಟದಕ್ಕೆ ಹೊಂದಿಸಲ್ಲ. ಬೆಂಗಳೂರಿಗೆ ಮದ್ರಾಸಿನ ಗಡಿಯಾರ, ಕೋಲಾರಕ್ಕೆ ಬೌರಿಂಗ್‌ಪೇಟೆಯ ಗಡಿಯಾರ, ಶ್ರೀನಿವಾಸಪುರಕ್ಕೆ ಕೋಲಾರದ ಗಡಿಯಾರ.

ಈಗ ವೇಳಾಪಟ್ಟಿ ಹೇಗೆ ತಯಾರಾಗುತ್ತೆ ನೋಡೋಣ. ನಾನು ಓದಿದ್ದು ಬಿ.ಕಾಂ., ನನಗೆ ಇದು ಅಕೌಂಟ್ಸ್ ಪುಸ್ತಕದ ಥರಾನೇ ಕಾಣಿಸುತ್ತೆ. ಒಂದು ದೊಡ್ಡ ಹಾಳೆ ತಗೊಳ್ಳಿ. ಅಡ್ಡಕ್ಕೆ 24 ಗಂಟೆ. ಉದ್ದಕ್ಕೆ ಸ್ಟೇಷನ್ನುಗಳು: ವೈಟ್‌ಫೀಲ್ಡ್, ಮಾಲೂರು, ಟೇಕಲ್, ಬಂಗಾರಪೇಟೆ, ಕುಪ್ಪಂ, ಜೋಲಾರ್‌ಪೇಟೆ. ಪ್ರತಿ ರೈಲೂ ಇದರ ಮೇಲೆ ಒಂದು ಓರೆ ಗೆರೆ. ವೇಗದ ರೈಲಾದರೆ ಗೆರೆ ಕಡಿದಾಗಿರುತ್ತೆ, ಪ್ಯಾಸೆಂಜರ್ ಆದರೆ ಮಲಗಿದ ಹಾಗಿರುತ್ತೆ. ಗೂಡ್ಸ್‌ಗೂ ಜಾಗ ಬೇಕು, ಹಳಿ ರಿಪೇರಿಗೂ ಬಿಡುವು ಬೇಕು.

ಕಡಿದಾದ ಗೆರೆ ಹಿಂದಿನಿಂದ ಬಂದು ಮಲಗಿದ ಗೆರೆಯನ್ನ ಮುಟ್ಟುತ್ತೆ ಅಂದ್ಕೊಳ್ಳಿ. ಒಂದೇ ಹಳಿ ಮೇಲೆ ಹಾಗಾಗೋಕೆ ಬಿಡಂಗಿಲ್ಲ. ಅದಕ್ಕೆ ಪ್ಯಾಸೆಂಜರನ್ನ ಯಾವುದಾದರೂ ಸ್ಟೇಷನ್ನಿನ ಲೂಪ್ ಲೈನ್‌ಗೆ ತಿರುಗಿಸಿ ನಿಲ್ಲಿಸ್ತಾರೆ. ಎಕ್ಸ್‌ಪ್ರೆಸ್ ಪಕ್ಕದಲ್ಲಿ ಧಡಧಡ ಅಂತ ಹೋಗುತ್ತೆ. ಅದು ಮುಂದಿನ ಸಿಗ್ನಲ್ ದಾಟಿದಮೇಲೆ ನಮ್ಮ ರೈಲು ಹೊರಡುತ್ತೆ. ಟೇಕಲ್‌ನಲ್ಲೋ ಮಾಲೂರಿನಲ್ಲೋ ಕಾರಣ ಗೊತ್ತಿಲ್ಲದೆ ರೈಲು ನಿಂತಾಗ ನೀವು ಬೈಕೊಂಡಿದ್ದೀರಲ್ಲ, ಬಹಳ ಸಲ ಇದೇ ಕಾರಣ.

ಕಾಮರ್ಸ್‌ನಲ್ಲಿ ನಮಗೆ ಮೊದಲು ಕಲಿಸೋದು: ಒಂದು ಕಡೆ ಜಮಾ ಬರೆದರೆ ಇನ್ನೊಂದು ಕಡೆ ಖರ್ಚು ಬರೀಲೇಬೇಕು. ಎಕ್ಸ್‌ಪ್ರೆಸ್ ಉಳಿಸಿದ 10 ನಿಮಿಷ ಜಮಾ ಕಡೆ ಎಲ್ಲರಿಗೂ ಕಾಣುತ್ತೆ. ಖರ್ಚಿನ ಕಡೆ ಲೂಪ್ ಲೈನಿನಲ್ಲಿ ನಿಂತ ರೈಲಿನ 10 ನಿಮಿಷ ಇರುತ್ತೆ. ಜಾಹೀರಾತಿನಲ್ಲಿ ಆ ಪುಟ ಇರಲ್ಲ.

ಇತಿಹಾಸವನ್ನ ಈ ಕಣ್ಣಲ್ಲಿ ನೋಡಿ. 1964ರ ಅಕ್ಟೋಬರ್ 1ರಂದು ಬೃಂದಾವನ್ ಎಕ್ಸ್‌ಪ್ರೆಸ್ ಬಂತು. ಮದ್ರಾಸು ಮತ್ತು ಬೆಂಗಳೂರನ್ನ ಒಂದೇ ಹಗಲಿನಲ್ಲಿ ಹೋಗಿಬರೋ ದೂರಕ್ಕೆ ತಂದ ರೈಲು. 1992ರಲ್ಲಿ ಲಾಲ್‌ಬಾಗ್ ಎಕ್ಸ್‌ಪ್ರೆಸ್. 2022ರ ನವೆಂಬರ್‌ನಲ್ಲಿ ಮೈಸೂರು–ಚೆನ್ನೈ ವಂದೇ ಭಾರತ್. ಅದು ಶುರುವಾದಾಗ ಮಧ್ಯದಲ್ಲಿ ಇದ್ದ ನಿಲುಗಡೆ ಎರಡೇ, ಬೆಂಗಳೂರು ಮತ್ತು ಕಾಟ್ಪಾಡಿ. ಇದೇ ಹಳಿಯ ಮೇಲೆ ಕನ್ಯಾಕುಮಾರಿಗೆ ಹೋಗುವ ಐಲ್ಯಾಂಡ್ ಎಕ್ಸ್‌ಪ್ರೆಸ್ ಇದೆ, ಪಾಟ್ನಾ ಕಡೆಗೆ ಹೋಗುವ ಸಂಘಮಿತ್ರ ಇದೆ. ಭಾರತದ ಉದ್ದಗಲ ಎಲ್ಲಾ ಮಾಲೂರಿನ ಮುಂದೆ ಹಾದುಹೋಗುತ್ತೆ. ಬಹಳಷ್ಟು ಸಲ ಮಾಲೂರಿಗೆ ಸಿಗೋದು ಗಾಳಿ ಮಾತ್ರ.

ಹಾಗಂತ ವೇಗದ ರೈಲೇ ಬೇಡ ಅಂತ ನಾನು ಹೇಳಲ್ಲ. ಎಲ್ಲಾ ಸ್ಟೇಷನ್ನಲ್ಲೂ ನಿಂತರೆ ದೂರದ ರೈಲು ದೂರ ಮುಟ್ಟೋದು ಯಾವಾಗ? ವೆಲ್ಲೂರಿನ ಆಸ್ಪತ್ರೆಗೆ ಹೋಗೋ ಪೇಷೆಂಟ್‌ಗೂ ಬೇಗ ಮುಟ್ಟಬೇಕು. ನನ್ನ ಪ್ರಶ್ನೆ ಬೇರೆ. ಖರ್ಚಿನ ಪುಟದಲ್ಲಿ ಯಾವಾಗಲೂ ಅದೇ ಹೆಸರುಗಳು ಯಾಕೆ ಇರಬೇಕು?

ಯಾಕಂದ್ರೆ ಆ ಪುಟದಲ್ಲಿ ಜನ ಇದ್ದಾರೆ. 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಗಣಿ ಮುಚ್ಚಿತು. 1894ರಲ್ಲಿ ಗಣಿಗಾಗಿ ಹಾಕಿದ ಹಳಿ ಉಲ್ಟಾ ಕೆಲಸಕ್ಕೆ ಬಂತು. ಅವತ್ತು ಕೆಲಸ ಇದ್ದ ಕಡೆಗೆ ಜನರನ್ನ ತಂದ ರೈಲು, ಈಗ ಕೆಲಸ ಹುಡುಕಿಕೊಂಡು ಹೊರಡೋ ಜನರನ್ನ ಬೆಂಗಳೂರಿಗೆ ಕರ್ಕೊಂಡು ಹೋಗ್ತಿದೆ. ದಿನಾ ಸಾವಿರಾರು ಜನ. ಮಾರಿಕುಪ್ಪಂನಲ್ಲಿ ಕತ್ತಲಲ್ಲೇ ಹತ್ತಿ, ರಾತ್ರಿ ಕತ್ತಲಲ್ಲೇ ಇಳೀತಾರೆ. ಆ ದಿನ ನನ್ನ ಪಕ್ಕ ನಿಂತಿದ್ದ ಒಬ್ಬ ಅಕ್ಕ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡೋರು. "ಹತ್ತು ನಿಮಿಷ ಲೇಟಾದ್ರೆ ಅರ್ಧ ದಿನದ ಹಾಜರಿ ಹೋಗುತ್ತಪ್ಪಾ" ಅಂದ್ರು. ಕೋಪ ಇಲ್ಲದೆ, ತರಕಾರಿ ರೇಟ್ ಹೇಳಿದ ಹಾಗೆ ಹೇಳಿದ್ರು. ನನ್ನ ಆಪ್‌ನಲ್ಲಿ ಬರೀ 12 ಅನ್ನೋ ನಂಬರ್ ಇತ್ತು. ಅವರಿಗೆ ಅದು ಅರ್ಧ ದಿನದ ಕೂಲಿ.

ಕೋಲಾರ ಲೈನಿನ ಉಳಿದ ಕಥೆ ಬೇಗ ಹೇಳಿಬಿಡ್ತೀನಿ. ಬಂಗಾರಪೇಟೆ–ಕೋಲಾರ ಹಳಿ 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಕೋಲಾರದಿಂದ ಶ್ರೀನಿವಾಸಪುರದ ಮೇಲೆ ಚಿಕ್ಕಬಳ್ಳಾಪುರದವರೆಗೆ ಆಗೋಕೆ 2013 ಆಗಬೇಕಾಯಿತು. ಈ ನಡುವೆ 2009ರಿಂದ 2012ರವರೆಗೆ ನಮ್ಮ ಸಂಸದ ಕೆ.ಎಚ್. ಮುನಿಯಪ್ಪ ಅವರೇ ರೈಲ್ವೆ ರಾಜ್ಯ ಸಚಿವರಾಗಿದ್ದರು. ಈಗ ಹಳಿ ಅಗಲ ಆಗಿದೆ, ಆದರೆ ಒಂದೇ ಲೈನ್, ರೈಲುಗಳು ಕಡಿಮೆ. 2021ರ ಜೂನ್‌ನಲ್ಲಿ ಮಾತ್ರ ಒಂದು ವಿಶೇಷ ನಡೆಯಿತು. ಈ ಲೈನಿನ ದೊಡ್ಡನತ್ತ ಸ್ಟೇಷನ್ನಿಂದ ಕಿಸಾನ್ ರೈಲು ನಮ್ಮ ಮಾವಿನಹಣ್ಣು ಹೊತ್ತು ಸೀದಾ ದೆಹಲಿಯ ಆದರ್ಶನಗರಕ್ಕೆ ಹೊರಟಿತು. ಎಲ್ಲೂ ಇಳಿಯೋ ಹಾಗಿಲ್ಲ, ಬದಲಾಯಿಸೋ ಹಾಗಿಲ್ಲ. ಹಣ್ಣು ಕೊಳೆಯುತ್ತೆ ಅಂತ ಗೊತ್ತಾದಾಗ ವೇಳಾಪಟ್ಟಿಯಲ್ಲಿ ಜಾಗ ಹುಟ್ಟುತ್ತೆ. ತಾತನ ಕಾಲದ ಆ ಮೂಟೆ ಹೊತ್ತ ರೈತನಿಗೆ ಸಿಗದ ನೇರ ಪ್ರಯಾಣ ಅವನ ತೋಟದ ಹಣ್ಣಿಗೆ ಸಿಕ್ಕಿತು.

ಮತ್ತೆ ಮುಳಬಾಗಿಲು? ಇವತ್ತಿಗೂ ಅಲ್ಲಿ ಒಂದು ರೈಲ್ವೆ ಸ್ಟೇಷನ್ ಇಲ್ಲ. ಮೂಡಲ ಬಾಗಿಲಿನಿಂದ ಹೊರಡೋರು ಬಸ್ ಹಿಡೀತಾರೆ. ಮದ್ರಾಸ್ ರೋಡ್ ಈಗ ಅಗಲವಾದ ಹೈವೇ. 1864ರಲ್ಲಿ ಎಳೆದ ಒಂದು ಗೆರೆ ಇಷ್ಟು ವರ್ಷ ಆದಮೇಲೂ ಬಸ್ ಸ್ಟ್ಯಾಂಡಿನಲ್ಲಿ ಕ್ಯೂ ನಿಲ್ಲಿಸುತ್ತೆ ಅಂದ್ರೆ ನೋಡಿ.

ಹಳಿ ಹಾಕೋದು ಕಷ್ಟ, ಕೋಟಿಗಟ್ಟಲೆ ಬೇಕು, ಅದನ್ನ ಒಪ್ಪಿಕೊಳ್ಳೋಣ. ವೇಳಾಪಟ್ಟಿ ಹಾಗಲ್ಲ. ಅದನ್ನ ಆಗಾಗ ಹೊಸದಾಗಿ ಬರೀತಾರೆ. ಮುಂದಿನ ಸಲ ಹೊಸ ಪಟ್ಟಿ ಬಂದಾಗ ನಿಮ್ಮ ಸ್ಟೇಷನ್ನಿನ ಸಾಲನ್ನ ಒಮ್ಮೆ ಓದಿ. ಬೆಳಗಿನ ರೈಲು ಎಷ್ಟು ನಿಮಿಷ ಹಿಂದೆ ಹೋಯಿತು, ಎಷ್ಟು ಮುಂದೆ ಬಂತು, ಬರೆದಿಟ್ಟುಕೊಳ್ಳಿ. ಸಂಸದರಿಗೆ, ರೈಲ್ವೆಗೆ ಮನವಿ ಕೊಡೋವಾಗ "ರೈಲು ಲೇಟು" ಅನ್ನೋದಕ್ಕಿಂತ ಆ ಅಂಕಿಗಳಿಗೆ ತೂಕ ಜಾಸ್ತಿ.

ಅವತ್ತು ನನ್ನ ರೈಲು ಕೊನೆಗೆ 14 ನಿಮಿಷ ತಡವಾಗಿ ಬಂತು. ಆ ಅಕ್ಕ ಹತ್ತಿ, ಬಾಗಿಲ ಹತ್ತಿರ ನಿಂತು ಮೊಬೈಲ್‌ನಲ್ಲಿ ಟೈಮ್ ನೋಡಿದ್ರು. ಸೂರ್ಯ ಆಗ ತಾನೇ ಬೆಟ್ಟದ ಮೇಲೆ ಬಂದಿದ್ದ, ಅವನದೇ ಟೈಮಿಗೆ.

ಮುಂದಿನ ವಾರ ಮತ್ತೆ ಸಿಗೋಣ. ರೈಲಿನಲ್ಲಿ ಕೇಳ್ತಿದ್ರೆ, ಇಯರ್‌ಫೋನ್ ತೆಗೆದು ಪಕ್ಕದವರನ್ನ ಒಮ್ಮೆ ಮಾತಾಡಿಸಿ. ನಮಸ್ಕಾರ.